ಹಳೆ ಕಂಪ್ಯೂಟರ್ ಕೂಡಿಡುವವರಿಗೆ

ಕೇಳುಗರಿಗೆ ನಮಸ್ಕಾರ.

ನಾಣ್ಯ, ಅಂಚೆಚೀಟಿ ಕೂಡಿಡುವವರನ್ನು ಯಾರೂ ಏನೂ ಅನ್ನುವುದಿಲ್ಲ. ಹಳೆ ಕಂಪ್ಯೂಟರ್ ತಂದರೆ ಮಾತ್ರ ಮನೆಯಲ್ಲಿ ರಗಳೆ. ಜಾಗ ಬೇಕಲ್ವಾ!

ಹೊಸಬರ ಕಣ್ಣು 1981ರ ಐಬಿಎಂ ಪಿಸಿ, 1982ರ ಕಮೊಡೋರ್ 64, ಇಂಥವುಗಳ ಮೇಲೆ ಹೋಗುತ್ತದೆ. ಅದಕ್ಕೆ ಅವಸರ ಬೇಡ. ಮೊದಲು ನಮ್ಮ ಕಾಸರಗೋಡು ಕಡೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಹಳೆ ಡಿಟಿಪಿ ಅಂಗಡಿಗಳಲ್ಲಿ, ಪ್ರೆಸ್ಸುಗಳಲ್ಲಿ ವಿಚಾರಿಸಿ. ನಮ್ಮ ಮದುವೆ ಕಾಗದ, ಯಕ್ಷಗಾನದ ನೋಟೀಸು, ಬ್ರಹ್ಮಕಲಶದ ಆಮಂತ್ರಣ ಎಷ್ಟೋ ತಯಾರಾದದ್ದು ಅಂಥ ಯಂತ್ರಗಳಲ್ಲೇ. ವಿಂಡೋಸ್ ಮನೆಮಾತಾಗುವ ಮೊದಲಿನ ಡಾಸ್ ಕಾಲದ ಯಂತ್ರದೊಳಗೆ ಕೇಂದ್ರ ಸರಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಸಿಕ್ಕಿತೋ, ನಿಮ್ಮ ಅದೃಷ್ಟ. ಪರದೆಯ ಮೇಲೆ ನಮ್ಮ ದೇಶದ ಲಿಪಿಗಳು ಮೂಡಲಿ ಎಂದೇ ಮಾಡಿದ ಕಾರ್ಡ್ ಅದು.

ಯಂತ್ರ ಮನೆಗೆ ಬಂತು. ಕೂಡಲೇ ಸ್ವಿಚ್ ಹಾಕಬೇಡಿ! ಪೆಟ್ಟಿಗೆ ಬಿಚ್ಚಿ ನೋಡಿ. 286, 386, 486 ಎಂಬ ಹಳೆ ಪ್ರೊಸೆಸರುಗಳ ಮದರ್‌ಬೋರ್ಡುಗಳಲ್ಲಿ, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಗಳಲ್ಲಿ, ಹೆಚ್ಚಾಗಿ ಒಂದು ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ವರ್ಷ ಕಳೆದ ಹಾಗೆ ಅದು ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಕಿಲುಬು ಕಂಡರೆ ಬ್ಯಾಟರಿ ತೆಗೆಸಿ. ಸೋರಿದ್ದು ಕ್ಷಾರ, ಹಾಗಾಗಿ ಸ್ವಲ್ಪ ವಿನೆಗರ್ ಹಚ್ಚಿ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಹಳೆ ಮಾನಿಟರಿನ ಹಿಂಬದಿ ಮಾತ್ರ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಯಂತ್ರ ಎದ್ದು ಕೂತರೆ ಮೊದಲ ಕೆಲಸ ಹಾರ್ಡ್‌ಡಿಸ್ಕ್ ನಕಲು ತೆಗೆಯುವುದು. ಅಕ್ಷರಗಳನ್ನೂ ಬಿಡಬೇಡಿ, ಅಂದರೆ ಫಾಂಟುಗಳನ್ನು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ತಂತ್ರಾಂಶಕ್ಕೂ ಅದರದ್ದೇ ಕನ್ನಡ ಫಾಂಟು. ಆ ಫಾಂಟು ಹೋಯಿತೆಂದರೆ, ಇವತ್ತಿನ ಕಂಪ್ಯೂಟರಿನಲ್ಲಿ ಆ ಕಡತ ತೆರೆದಾಗ ಕಾಣುವುದು ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ನನ್ನ ಮಟ್ಟಿಗೆ, ಪೆಟ್ಟಿಗೆಗಿಂತ ಈ ಫಾಂಟುಗಳಿಗೇ ಬೆಲೆ ಜಾಸ್ತಿ. ಅಂಗಡಿಯವರು ಬಿಸಾಡಲು ಇಟ್ಟ ಫ್ಲಾಪಿಗಳನ್ನೂ ಕೇಳಿ ತನ್ನಿ. ಬೂಷ್ಟು ಹಿಡಿದ ಫ್ಲಾಪಿಯನ್ನು ಮಾತ್ರ ಹಾಗೇ ಡ್ರೈವಿಗೆ ಹಾಕಬೇಡಿ, ಡ್ರೈವಿನೊಳಗೆ ಫ್ಲಾಪಿ ಓದುವ ಹೆಡ್ ಕೆಡುತ್ತದೆ.

ಇನ್ನು ನಮ್ಮ ಮಳೆಗಾಲ. ಯಂತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಥಂಡಿ ಒಳಗೇ ನಿಲ್ಲುತ್ತದೆ. ಹಳೆ ಹತ್ತಿ ಬಟ್ಟೆ ಹೊದಿಸಿದರೆ ಸಾಕು. ನೆಲದ ಮೇಲೆ ಇಡಬೇಡಿ. ಆಗಾಗ ಸ್ವಲ್ಪ ಹೊತ್ತು ಚಾಲೂ ಮಾಡಿ, ಒಳಗೆ ಬೆಚ್ಚಗಾಗಲಿ. ಗುಡುಗು ಕೇಳಿಸಿದರೆ ಪ್ಲಗ್ಗನ್ನೇ ಕಿತ್ತಿಡಿ.

ನಮಸ್ಕಾರ.