ಎಡಗೈಯೇ ಕೈಕೊಟ್ಟಾಗ: ರಿಕ್ ಆಂಕೀಲ್ ಕಥೆ

[ದೃಶ್ಯ: ಸೇಂಟ್ ಲೂಯಿಸ್‌ನ ಬುಶ್ ಸ್ಟೇಡಿಯಂ, 3 ಅಕ್ಟೋಬರ್ 2000]

ಅಮೆರಿಕದ ಬೇಸ್‌ಬಾಲ್ ಪ್ಲೇಆಫ್‌ನ ಮೊದಲ ಪಂದ್ಯ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ 6-0 ಮುಂದಿದೆ. ಎದುರಿಗೆ ಅಟ್ಲಾಂಟಾ ಬ್ರೇವ್ಸ್. ಪಿಚ್ ಮಾಡ್ತಿರೋದು 21 ವರ್ಷದ ಎಡಗೈ ಹುಡುಗ, ರಿಕ್ ಆಂಕೀಲ್. ಮೂರನೇ ಇನಿಂಗ್ಸ್‌ನಲ್ಲಿ ಒಂದು ಎಸೆತ ಬ್ಯಾಟರ್ ಹಿಂದೆ ಕೂತ ಕ್ಯಾಚರ್‌ಗೆ ಸಿಗದೆ ಹಿಂದಕ್ಕೆ ಹೋಯ್ತು. ಇರಲಿ, ಎಲ್ಲರಿಗೂ ಆಗತ್ತೆ. ಇನ್ನೊಂದು ಹೋಯ್ತು. ಮತ್ತೊಂದು. ಇದಕ್ಕೆ ವೈಲ್ಡ್ ಪಿಚ್ ಅಂತಾರೆ. ಒಂದೇ ಇನಿಂಗ್ಸ್‌ನಲ್ಲಿ ಐದು! 1890ರ ನಂತರ ಅಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಯಾರೂ ಹಾಗೆ ಎಸೆದಿರಲಿಲ್ಲ.

ಬೇಸ್‌ಬಾಲ್ ನೋಡದವರಿಗೆ ಒಂದು ಮಾತು. ಇಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಪಿಚರ್ ನಿಲ್ಲೋ ದಿಬ್ಬದಿಂದ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಕ್ರಿಕೆಟ್‌ನಲ್ಲಿ ಸ್ಟಂಪ್‌ನಿಂದ ಸ್ಟಂಪ್‌ಗೆ 66 ಅಡಿ, ಹೆಚ್ಚುಕಡಿಮೆ ಅಷ್ಟೇ ದೂರ. ಆದ್ರೆ ಇಲ್ಲಿ ರನ್‌ಅಪ್ ಇಲ್ಲ. ಬ್ಯಾಟರ್‌ನ ಮೊಣಕಾಲಿಂದ ಎದೆಮಟ್ಟದವರೆಗೆ ಒಂದು ಕಿಟಕಿ ಇದೆ ಅಂದ್ಕೊಳ್ಳಿ, ಚೆಂಡು ಅದರೊಳಗೆ ಹೋಗ್ಬೇಕು. ಬ್ಯಾಟರ್ ಮುಟ್ಟದೆ ಬಿಟ್ಟು, ಹೊರಗೆ ಹೋದದ್ದು ನಾಲ್ಕಾದ್ರೆ ಅವನಿಗೆ ಮೊದಲ ಬೇಸ್ ಬಿಟ್ಟಿ. ಆ ಇನಿಂಗ್ಸ್‌ನಲ್ಲಿ ಆಂಕೀಲ್ ನಾಲ್ಕು ಜನಕ್ಕೆ ಹಾಗೆ ದಾರಿ ಬಿಟ್ಟ.

ಈತ ಸಾಮಾನ್ಯ ಪಿಚರ್ ಅಲ್ಲ. 1997ರಲ್ಲಿ ಹೈಸ್ಕೂಲ್ ಮುಗೀತಿದ್ದಂತೆ ಕಾರ್ಡಿನಲ್ಸ್ 25 ಲಕ್ಷ ಡಾಲರ್ ಬೋನಸ್ ಕೊಟ್ಟು ಸೇರಿಸ್ಕೊಂಡಿತ್ತು. 2000ದ ಸೀಸನ್‌ನಲ್ಲಿ 175 ಇನಿಂಗ್ಸ್‌ಗೆ 194 ಸ್ಟ್ರೈಕೌಟ್, ಅಂದ್ರೆ ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್!

ಆವತ್ತು ತಂಡ 7-5ರಿಂದ ಗೆದ್ದಿತು, ನಿಜ. ಆದ್ರೆ ಮುಂದೆ ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಆತ ಎಸೆದ 20ರಲ್ಲಿ ಐದು ಕ್ಯಾಚರ್‌ನ ದಾಟಿ ಹೋದವು. ಮೊದಲ ಇನಿಂಗ್ಸ್ ಮುಗಿಯೋ ಮೊದ್ಲೇ ಹೊರಗೆ ಕರೆಸಿಕೊಂಡ್ರು.

[ದೃಶ್ಯ: ಸಹಿ ಹಾಕ್ತಿರೋ ಕೈ, ತೀರಾ ಹತ್ತಿರದಿಂದ]

ಇದಕ್ಕೆ ಯಿಪ್ಸ್ ಅಂತಾರೆ. ದಿನಾ ಕಣ್ಮುಚ್ಚಿ ಹಾಕೋ ಸಹಿ ಇದ್ಯಲ್ಲ, ಬ್ಯಾಂಕ್ ಕೌಂಟರ್‌ನಲ್ಲಿ "ಹೊಂದ್ತಿಲ್ಲ, ಇನ್ನೊಂದ್ಸಲ ಹಾಕಿ" ಅಂದ್ರೆ ಕೈ ತಡವರಿಸತ್ತೆ. ಅಕ್ಷರದ ಬಾಲ ಎತ್ತ ತಿರುಗತ್ತೆ ಅನ್ನೋದೇ ಮರೆತುಹೋಗತ್ತೆ. ಮೈಗೆ ರೂಢಿಯಾಗಿದ್ದನ್ನ ಮನಸ್ಸು ನಡುವೆ ಬಂದು ಕೆಡಿಸತ್ತೆ. ತುಂಬಿದ ಸ್ಟೇಡಿಯಂನಲ್ಲಿ ಪ್ರತಿ ಎಸೆತಕ್ಕೂ ಹಾಗಾದ್ರೆ?

2001ರ ಮೊದಲ ಪಂದ್ಯಕ್ಕೆ ಮುಂಚೆ ಭಯ ತಡೀಲಾರದೆ ವೋಡ್ಕಾ ಕುಡಿದಿದ್ದೆ ಅಂತ ಆತನೇ ಎಷ್ಟೋ ವರ್ಷದ ಮೇಲೆ ಹೇಳ್ಕೊಂಡ. ಇದನ್ನ ಕೇಳಿದಾಗ ನನಗೆ ಸಂಕಟ ಆಯ್ತು. ಆ ಪಂದ್ಯ ಗೆದ್ದ. ಆದ್ರೆ ಹಿಡಿತ ಬರಲಿಲ್ಲ. ಕೆಳಹಂತದ ಮೈನರ್ ಲೀಗ್‌ಗೆ ಇಳಿಸಿದ್ರು. 2003ರಲ್ಲಿ ಮೊಣಕೈ ಆಪರೇಷನ್. 2005ರ ಮಾರ್ಚ್‌ನಲ್ಲಿ, 25ನೇ ವಯಸ್ಸಿಗೆ, ಇನ್ನು ಪಿಚ್ ಮಾಡಲ್ಲ ಅಂದ.

ಆದ್ರೆ ಆಟ ಬಿಡಲಿಲ್ಲ. ಬ್ಯಾಟ್ ಹಿಡೀತೀನಿ, ಔಟ್‌ಫೀಲ್ಡ್‌ನಲ್ಲಿ ನಿಲ್ತೀನಿ ಅಂತ ಮತ್ತೆ ಮೈನರ್ ಲೀಗ್‌ನಲ್ಲಿ ಬೆವರು ಸುರಿಸಿದ. ಮೊಣಕಾಲಿನ ಗಾಯದಿಂದ 2006 ಪೂರ್ತಿ ಹೋಯ್ತು. 2007ರಲ್ಲಿ ಕಾರ್ಡಿನಲ್ಸ್‌ನ ಮೈನರ್ ಲೀಗ್ ತಂಡ ಮೆಂಫಿಸ್‌ಗೆ ಆಡಿ 32 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಬಾರಿಸಿದ ಮೇಲೆ ಮೇಜರ್ ಲೀಗ್‌ನಿಂದ ಕರೆ ಬಂತು. ಆಗಸ್ಟ್ 9, ಸೇಂಟ್ ಲೂಯಿಸ್. ಹಿಂದಿರುಗಿದ ಮೊದಲ ರಾತ್ರಿಯೇ ಮೂರು ರನ್ ತಂದ ಹೋಮ್ ರನ್. ಮ್ಯಾನೇಜರ್ ಟೋನಿ ಲಾ ರೂಸಾ ಡಗೌಟ್‌ನಲ್ಲಿ ಮುಖವರಳಿಸಿ ಚಪ್ಪಾಳೆ ತಟ್ತಿದ್ರು.

ಒಂದು ವಿಷಯ ಮುಚ್ಚಿಡೋದು ಸರಿಯಲ್ಲ. ಆ ಸೆಪ್ಟೆಂಬರ್‌ನಲ್ಲೇ, 2004ರಲ್ಲಿ ಆತ ಗ್ರೋತ್ ಹಾರ್ಮೋನ್ ತರಿಸಿಕೊಂಡಿದ್ದ ಅನ್ನೋ ಸುದ್ದಿ ಬಂತು. ಲೀಗ್ ಅದನ್ನ ನಿಷೇಧಿಸಿದ್ದು 2005ರಲ್ಲಿ, ಹಾಗಾಗಿ ಶಿಕ್ಷೆ ಆಗಲಿಲ್ಲ.

2013ರವರೆಗೆ ಆಡಿದ, ಒಟ್ಟು 76 ಹೋಮ್ ರನ್. ಪಿಚರ್ ಆಗಿ 10 ಗೆಲುವು, ಬ್ಯಾಟರ್ ಆಗಿ 50 ಹೋಮ್ ರನ್ ಎರಡನ್ನೂ ದಾಟಿದವರಲ್ಲಿ ಬೇಸ್‌ಬಾಲ್ ದಿಗ್ಗಜ ಬೇಬ್ ರೂತ್ ನಂತರ ಆತನೇ ಮೊದಲಿಗ.

[ದೃಶ್ಯ: ಡೆನ್ವರ್, ಮೇ 2008]

ನಾನು ಮತ್ತೆ ಮತ್ತೆ ನೋಡೋದು ಮಾತ್ರ ಈ ಪಂದ್ಯ. ಚೆಂಡು ಸೆಂಟರ್ ಫೀಲ್ಡ್‌ನ ಮೂಲೆಗೆ ಉರುಳಿದೆ, ಓಟಗಾರ ಮೂರನೇ ಬೇಸ್ ಕಡೆ ಧಾವಿಸ್ತಿದ್ದಾನೆ. ಆಂಕೀಲ್ ತಿರುಗಿ, ಅದೇ ಎಡಗೈ ಬೀಸ್ತಾನೆ. ಚೆಂಡು ನೆಲ ಮುಟ್ಟದೆ ನೇರ ಮೂರನೇ ಬೇಸ್‌ನ ಗ್ಲೌಸ್‌ಗೆ. ಔಟ್! ಅದೇ ರಾತ್ರಿ ಇನ್ನೊಬ್ಬನೂ ಹಾಗೇ ಔಟ್.