ಸದ್ದು ಅಭ್ಯಾಸ ಆಗಿದೆ ಅನ್ನುವವರಿಗೆ

(ವಿಶ್ವ ಶ್ರವಣ ದಿನದಂದು ಗಂಗಾವತಿಯಲ್ಲಿ ರೈಸ್ ಮಿಲ್ ಕಾರ್ಮಿಕರ ಮುಂದೆ ಆಡಿದ ಮಾತು)

ಹಿರಿಯರೇ, ಅಕ್ಕಂದಿರೇ, ಮಿಲ್ಲಿನ ಅಣ್ಣತಮ್ಮಂದಿರೇ,

ಬಾಗಿಲಲ್ಲೇ ಮೂರು ನಾಲ್ಕು ಜನ ನನಗೆ ಒಂದೇ ಮಾತು ಹೇಳಿದರು. "ಡಾಕ್ಟ್ರೇ, ನಮಗೆ ಸದ್ದು ರೂಢಿ ಆಗೇತ್ರಿ." ಇವತ್ತು ನಾನು ಮಾತಾಡಬೇಕಾದ್ದು ಅದರ ಬಗ್ಗೆಯೇ. ರೂಢಿ ಆಗಿರುವುದು ನಿಜ. ಆದರೆ ಅದು ಮಿದುಳಿಗೆ, ಕಿವಿಗಲ್ಲ.

ನನ್ನ ಹತ್ತಿರ ಬರುವ ಒಬ್ಬ ಹಿರಿಯ ಆಪರೇಟರ್ ಇದ್ದಾರೆ. ರಾತ್ರಿ ಪಾಳಿಯಲ್ಲಿ ಸ್ವಲ್ಪ ಬಿಡುವು ಸಿಕ್ಕರೆ ಖಾಲಿ ಚೀಲ ಹಾಸಿಕೊಂಡು ಅಲ್ಲೇ ಮಲಗುತ್ತಾರೆ. ಅಕ್ಕಿಗೆ ಹೊಳಪು ಕೊಡುವ ಪಾಲಿಷರ್ ಓಡುತ್ತಿರುತ್ತದೆ, ಕಾಳು ಮೇಲೆತ್ತುವ ಎಲಿವೇಟರ್ ಓಡುತ್ತಿರುತ್ತದೆ, ಇವರಿಗೆ ಗಾಢ ನಿದ್ದೆ. ಆದರೆ ಎಲಿವೇಟರ್ ಬೆಲ್ಟ್ ಒಂಚೂರು ಜಾರಿತೋ, ಎದ್ದು ಕೂರುತ್ತಾರೆ! ಯಾರೂ ಕೂಗಿರುವುದಿಲ್ಲ. ಕರೆಂಟ್ ಹೋಗಿ ಮಿಲ್ ನಿಂತರೂ ಅಷ್ಟೇ, ಆ ನಿಶ್ಶಬ್ದಕ್ಕೇ ಎಚ್ಚರ. "ಹೇಗೆ ಗೊತ್ತಾಯ್ತು?" ಅಂದರೆ, "ಸದ್ದು ಬದಲಾತಲ್ರಿ" ಅಂತಾರೆ. ನಗಬೇಡಿ, ನಿಮ್ಮಲ್ಲೂ ಇಂಥವರು ಇದ್ದಾರೆ. ಅಲ್ಲಿ ಹಿಂದೆ ಕೂತವರು ಒಬ್ಬರನ್ನೊಬ್ಬರು ತೋರಿಸುತ್ತಿದ್ದಾರೆ ನೋಡಿ.

ಇದು ಹೇಗೆ ನಡೆಯುತ್ತದೆ? ಸದ್ದು ಶುರುವಾದ ಕ್ಷಣ ಕಿವಿಯ ನರ ಜೋರಾಗಿ ಸುದ್ದಿ ಕಳಿಸುತ್ತದೆ. ಅದೇ ಸದ್ದು ಮುಂದುವರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುದ್ದಿ ಇಳಿಯುತ್ತದೆ. ಮೇಲೆ ಮಿದುಳಿನಲ್ಲಿ ಇನ್ನೂ ಸೊಗಸು. 1978ರಲ್ಲಿ ಫಿನ್‌ಲ್ಯಾಂಡಿನ ವಿಜ್ಞಾನಿ ರಿಸ್ಟೋ ನ್ಯಾಟನೆನ್ ಮತ್ತು ಸಂಗಡಿಗರು ಒಂದು ವಿಷಯ ಪ್ರಕಟಿಸಿದರು. ಒಂದೇ ಬೀಪ್ ಮತ್ತೆ ಮತ್ತೆ ಕೇಳಿಸಿ, ನಡುವೆ ಬೇರೆ ಒಂದನ್ನು ತೂರಿಸಿದರೆ, ಸೆಕೆಂಡಿನ ಐದನೇ ಒಂದು ಭಾಗದಷ್ಟರಲ್ಲಿ ಮಿದುಳು ಅದನ್ನು ಗುರುತಿಸುತ್ತದೆ. ಆ ಮನುಷ್ಯ ಅತ್ತ ಗಮನ ಕೊಡದಿದ್ದರೂ ಸರಿ. 2003ರಲ್ಲಿ ಇಸ್ರೇಲಿನಲ್ಲಿ ಬೆಕ್ಕಿನ ಮಿದುಳಿನ ಒಂದೊಂದೇ ಕೋಶವನ್ನು ನೋಡಿದರು. ಮತ್ತೆ ಮತ್ತೆ ಬರುವ ಸ್ವರಕ್ಕೆ ಕೋಶದ ಉತ್ತರ ಸಣ್ಣದು, ಅಪರೂಪಕ್ಕೆ ಬರುವ ಸ್ವರಕ್ಕೆ ದೊಡ್ಡದು. ಸುಮ್ನೆ ದಣಿದಿದ್ದರೆ ಎರಡಕ್ಕೂ ಒಂದೇ ಥರ ಸೋಲಬೇಕಿತ್ತು, ಅಲ್ವಾ?

ಅಂದರೆ ನಮ್ಮ ಆಪರೇಟರ್ ಅವರ ಮಿದುಳು ಮಲಗಿದಾಗಲೂ ಮಿಲ್ ಕಾಯುತ್ತಿದೆ. ಎಂಥ ಅದ್ಭುತ!

ಈಗ ಕಥೆಯ ಇನ್ನೊಂದು ಅರ್ಧ. ಅವರನ್ನು ನನ್ನ ಹತ್ತಿರ ಕರೆತಂದದ್ದು ಅವರ ಹೆಂಡತಿ. "ಮೊಮ್ಮಗಳು ಮಾತಾಡಿದ್ರೆ ಇವ್ರಿಗೆ ತಿಳಿಯಂಗಿಲ್ರಿ" ಅಂತ ದೂರು. ಕಿವಿ ಪರೀಕ್ಷೆ ಮಾಡಿದರೆ, ನಕ್ಷೆಯಲ್ಲಿ 4000 ಹರ್ಟ್ಜ್ ಹತ್ತಿರ, ಅಂದರೆ ಕೀರಲು ಸ್ವರದ ಕಡೆ, ಗೆರೆ ಗುಂಡಿಗೆ ಇಳಿದಂತೆ ಇಳಿದಿತ್ತು. ಸದ್ದು ತಿಂದ ಕಿವಿಯ ಗುರುತು ಅದು. ಸ, ಶ, ತ ಇಂಥ ಅಕ್ಷರಗಳು ಅವರಿಗೆ ಅರ್ಧಂಬರ್ಧ. ಬೆಲ್ಟ್ ಜಾರಿದ್ದು ಕೇಳುತ್ತದೆ, ಮಗು "ತಾತಾ" ಅಂದದ್ದು ಸ್ಪಷ್ಟವಾಗುವುದಿಲ್ಲ.

ಯಾಕೆಂದರೆ ರೂಢಿ ಆದದ್ದು ಮಿದುಳಿಗೆ. ಒಳಕಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳಿವೆ. ಒಂದು ಕಿವಿಗೆ ಒಳಸಾಲಿನಲ್ಲಿ ಸುಮಾರು 3500, ಹೊರಸಾಲುಗಳಲ್ಲಿ ಸುಮಾರು 12000. ಮಿದುಳು ಕೇಳಿಸಿಕೊಳ್ಳದಿದ್ದರೂ ಅವು ಪ್ರತಿ ಹೊಡೆತವನ್ನೂ ತಿನ್ನುತ್ತವೆ. ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ನಡುಕಿವಿಯಲ್ಲಿ ಒಂದು ಪುಟ್ಟ ಸ್ನಾಯು ಬಿಗಿದು ಸದ್ದು ತಗ್ಗಿಸುತ್ತದೆ, ಆದರೆ ಅದು ತಡೆಯುವುದು ಹೆಚ್ಚಾಗಿ ದಪ್ಪ ಸದ್ದನ್ನು, ಅಂದರೆ ಕೆಳಸ್ವರದ ಸದ್ದನ್ನು; ಕೀರಲು ಸದ್ದನ್ನಲ್ಲ.

2009ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳಾದ ಕುಜಾವಾ ಮತ್ತು ಲಿಬರ್ಮನ್ ಇಲಿಗಳಿಗೆ ಎರಡು ಗಂಟೆ ಜೋರು ಸದ್ದು ಕೇಳಿಸಿದರು. ಕೆಲವು ದಿನಗಳಲ್ಲಿ ಕೇಳುವ ಮಟ್ಟ ಮೊದಲಿನಂತಾಯಿತು. ಒಳಗೆ ನೋಡಿದರೆ ಕೋಶಕ್ಕೂ ನರಕ್ಕೂ ಇದ್ದ ಕೊಂಡಿಗಳು ದೊಡ್ಡ ಪ್ರಮಾಣದಲ್ಲಿ ಹೋಗಿದ್ದವು. ಪಾಳಿ ಮುಗಿಸಿ ಕಿವಿ ಗುಂಯ್ ಅಂದು ಬೆಳಿಗ್ಗೆ ಸರಿಹೋಯಿತು ಅಂತೀರಲ್ಲ, ಅದನ್ನು ಅಷ್ಟು ಹಗುರವಾಗಿ ತಗೊಳ್ಳಬೇಡಿ.

ಸಮಯ ಆಯಿತು ಅಂತ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹಬ್ಬದ ಡಿಜೆ ಬಗ್ಗೆ ಹೇಳಬೇಕಿತ್ತು, ಇನ್ನೊಮ್ಮೆ ಹೇಳುತ್ತೇನೆ. ಬೇಗ ಎರಡೇ ಮಾತು.

ಒಂದು ಕೈ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾದರೆ ಅಲ್ಲಿನ ಸದ್ದು 85 ಡೆಸಿಬಲ್, ಅಂದರೆ ಕಿವಿಗೆ ಅಪಾಯ ಶುರುವಾಗುವ ಮಟ್ಟ, ದಾಟಿದೆ ಅಂತ ತಿಳಿಯಿರಿ. ಕಿವಿಗೆ ಹತ್ತಿ ತುರುಕಿದರೆ ಸಾಲದು, ಇಯರ್ ಪ್ಲಗ್ ಬೇಕು. "ಹಾಕ್ಕೊಂಡ್ರೆ ಮಿಷನ್ ಸದ್ದು ತಿಳಿಯಂಗಿಲ್ಲ" ಅಂತ ಹೆದರಬೇಡಿ. ಅದು ಎಲ್ಲ ಸದ್ದನ್ನೂ ಒಟ್ಟಿಗೆ ತಗ್ಗಿಸುತ್ತದೆ, ಬದಲಾವಣೆ ಹಿಡಿಯುವ ಕೆಲಸ ಮಿದುಳಿನದು.

ಮತ್ತೆ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಪಾಳಿ ಮುಗಿಸಿದ ಕೂಡಲೇ ಬರಬೇಡಿ, ದಣಿದ ಕಿವಿ ತಪ್ಪು ಲೆಕ್ಕ ಕೊಡುತ್ತದೆ. ರಜೆಯ ಮರುದಿನ ಬೆಳಿಗ್ಗೆ, ಮಿಲ್ಲಿಗೆ ಹೋಗುವ ಮುಂಚೆ ಬನ್ನಿ. ಮನೆಯವರನ್ನೂ ಕರೆತನ್ನಿ, ನಿಮಗೆ ಕೇಳಿಸದ್ದು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.