ಚಿತ್ರ ಬಂತು, ಸೌಂಡ್ ಎಲ್ಲಿ? ಲಿನಕ್ಸ್‌ನಲ್ಲಿ ಟಿವಿ ಟ್ಯೂನರ್ ಕಾರ್ಡ್

[ಕ್ಯಾಮೆರಾ ಹತ್ತಿರ: ಅಂಗೈ ಮೇಲೆ ಹಳೇ ಪಿಸಿಐ ಕಾರ್ಡ್]

ನಮಸ್ಕಾರ. ಇದು ನನ್ನ ಹಳೇ ಪಿಸಿಯಿಂದ ಬಿಚ್ಚಿದ ಟಿವಿ ಟ್ಯೂನರ್ ಕಾರ್ಡ್, ಅಂದರೆ ಕಂಪ್ಯೂಟರ್‌ನಲ್ಲಿ ಟಿವಿ ತೋರಿಸೋ ಕಾರ್ಡ್. ವಿಂಡೋಸ್‌ನಲ್ಲಿ ಚೆನ್ನಾಗಿತ್ತು. ಲಿನಕ್ಸ್ ಹಾಕಿದೆ. ಚಿತ್ರ ಥಟ್ಟನೆ ಬಂತು, ಸೌಂಡ್ ಮಾತ್ರ ಇಲ್ಲ. ಡ್ರೈವರ್, ಅಂದರೆ ಕಾರ್ಡ್ ನಡೆಸೋ ಸಾಫ್ಟ್‌ವೇರ್, ಇದ್ದರೆ ಎರಡೂ ಬರಬೇಕು ಅಲ್ವಾ?

ಈ ಲೋಹದ ಡಬ್ಬಿ ಇದೆಯಲ್ಲ, ಅದೇ ಟ್ಯೂನರ್. ಚಾನೆಲ್ ಹಿಡಿಯೋದು ಅದರ ಕೆಲಸ. ಪಕ್ಕದ ದೊಡ್ಡ ಚಿಪ್ ಬ್ರೂಕ್‌ಟ್ರೀ ಕಂಪನಿಯವರ ಬಿಟಿ878. ಅದು ಚಿತ್ರವನ್ನು ಡಿಜಿಟಲ್ ಮಾಡುತ್ತದೆ. ಲಿನಕ್ಸ್‌ನಲ್ಲಿ ಅದರ ಡ್ರೈವರ್ ಬಿಟಿಟಿವಿ. ಎಷ್ಟೋ ಕಂಪನಿಗಳ ಕಾರ್ಡ್‌ಗಳಲ್ಲಿ ಇದೇ ಚಿಪ್. ಹಾಗಾಗಿ ಚಿತ್ರಕ್ಕೆ ತೊಂದರೆ ಕಮ್ಮಿ.

ಸೌಂಡ್ ಕಥೆ ಬೇರೆ. ಮೂಲೆಯಲ್ಲಿ ಪುಟ್ಟ ಚಿಪ್ ನೋಡಿ, ಮೇಲೆ 4052 ಅಂತಿದೆ. ಎರಡು ಕಂಟ್ರೋಲ್ ತಂತಿ, ನಾಲ್ಕು ದಾರಿ. ಟಿವಿ ಸೌಂಡೋ, ರೇಡಿಯೋನೋ, ಹೊರಗಿನದೋ, ಮ್ಯೂಟೋ ಅಂತ ಆರಿಸುತ್ತದೆ. ಆ ಎರಡು ತಂತಿ ದೊಡ್ಡ ಚಿಪ್ಪಿನ ಯಾವ ಪಿನ್ನಿಗೆ ಹೋಗಬೇಕು? ಕಾರ್ಡ್ ಮಾಡಿದವರ ಇಷ್ಟ.

ಬಾಡಿಗೆ ಮನೆಗೆ ಹೋದ ಮೊದಲ ರಾತ್ರಿ ನೆನಪಿಸಿಕೊಳ್ಳಿ. ಬೋರ್ಡಿನಲ್ಲಿ ಎಂಟು ಸ್ವಿಚ್. ಫ್ಯಾನ್ ಹಾಕೋಣ ಅಂತ ಒತ್ತಿದರೆ ವರಾಂಡದ ಲೈಟ್ ಹತ್ತುತ್ತದೆ. ಇನ್ನೊಂದು ಒತ್ತಿದರೆ ಏನೂ ಆಗಲ್ಲ. ಸ್ವಿಚ್ ಎಲ್ಲಾ ಕಡೆ ಅದೇ. ವೈರಿಂಗ್ ಗೊತ್ತಿರೋದು ಎಲೆಕ್ಟ್ರಿಷಿಯನ್‌ಗೆ ಮಾತ್ರ, ಅವರು ಹೋಗಿಯಾಯಿತು. ಪಕ್ಕದ ಮನೆ ಬೋರ್ಡ್ ನೋಡಿದರೂ ಪ್ರಯೋಜನವಿಲ್ಲ. ಒಂದೊಂದೇ ಒತ್ತಿ ನೋಡಬೇಕು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಬೇಕು.

ಬಿಟಿಟಿವಿಗೆ ಜನ ಮಾಡಿದ್ದು ಅದನ್ನೇ! ವಿಂಡೋಸ್‌ನಲ್ಲಿ ಟಿವಿ ಹಾಕಿ ಪಿನ್ನುಗಳ ಸ್ಥಿತಿ ಓದಿದರು. ಮ್ಯೂಟ್ ಒತ್ತಿ ಮತ್ತೆ ಓದಿದರು. ರೇಡಿಯೋಗೆ ಹೋಗಿ ಮತ್ತೆ ಓದಿದರು. ಆ ಅಂಕಿಗಳನ್ನು ಡ್ರೈವರ್‌ಗೆ ಸೇರಿಸಿದರು. ಹೀಗೆ ಬೆಳೆದ ಪಟ್ಟಿಯಲ್ಲಿ 160ಕ್ಕೂ ಜಾಸ್ತಿ ಕಾರ್ಡ್‌ಗಳಿವೆ. ಕಂಪನಿಯವರು ಒಂದು ಹಾಳೆ ಕೊಟ್ಟಿದ್ದರೆ ಇಷ್ಟು ಕಷ್ಟ ಬೇಕಿರಲಿಲ್ಲ. ಈ ಪಟ್ಟಿ ನೋಡಿದಾಗಲೆಲ್ಲ ನನಗೆ ಆ ಜನರ ಮೇಲೆ ಪ್ರೀತಿ ಉಕ್ಕುತ್ತದೆ.

ಸಮಯ ಕಮ್ಮಿ ಇದೆ, ಉಳಿದದ್ದು ಬೇಗ ಹೇಳ್ತೀನಿ. ಒಳ್ಳೇ ಕಾರ್ಡ್‌ನಲ್ಲಿ ಈಈಪ್ರಾಮ್ ಅನ್ನೋ ಪುಟ್ಟ ಮೆಮೊರಿ ಚಿಪ್ ಇರುತ್ತದೆ. ತಾನು ಯಾರು ಅಂತ ಕಾರ್ಡೇ ಹೇಳುತ್ತದೆ. ಅಗ್ಗದ ಕಾರ್ಡ್‌ನಲ್ಲಿ ಅದಿಲ್ಲ. ಆಗ ಡ್ರೈವರ್ ಸುಮ್ನೆ ಸೊನ್ನೆ ನಂಬರ್ ಹಿಡಿಯುತ್ತದೆ, ಅಂದರೆ 'ಗೊತ್ತಿಲ್ಲ'. ಡ್ರೈವರ್ ಲೋಡ್ ಮಾಡುವಾಗ ಆ ಪಟ್ಟಿ ನೋಡಿ ಕಾರ್ಡ್ ನಂಬರ್ ನೀವೇ ಕೊಡಿ. ಟ್ಯೂನರ್ ನಂಬರೂ ಬೇಕು. ನಮ್ಮಲ್ಲಿ ಮೊದಲಿದ್ದ ಅನಲಾಗ್ ಕೇಬಲ್‌ಗೆ (ಪಾಲ್ ಅನ್ನೋ ಟಿವಿ ಸಿಗ್ನಲ್ ಪದ್ಧತಿ) ಮೊದಲು 5 ಹಾಕಿ ನೋಡಬೇಕಿತ್ತು.

ಮುಂದೆ ಕಾರ್ಡ್ ಬದಲು ಯುಎಸ್‌ಬಿಗೆ ಚುಚ್ಚೋ ಪುಟ್ಟ ಟಿವಿ ಡಾಂಗಲ್ ಬಂದ ಕಾಲಕ್ಕೂ ಹೀಗೇ ಇಣುಕಿ ನೋಡಬೇಕಾಯಿತು. ಅಂಥ ಡಾಂಗಲ್‌ನಲ್ಲಿರೋ ಆರ್‌ಟಿಎಲ್2832ಯು ಚಿಪ್ಪಿಗೆ ಡ್ರೈವರ್ ಬರೆಯುತ್ತಿದ್ದ ಫಿನ್ಲೆಂಡಿನ ಆಂಟಿ ಪಾಲೊಸಾರಿ, ವಿಂಡೋಸ್‌ನಲ್ಲಿ ಅದು ಎಫ್‌ಎಂ ಹೇಗೆ ಕೇಳಿಸುತ್ತದೆ ಅಂತ ನೋಡಿದರು. ಚಿಪ್ ಕಚ್ಚಾ ರೇಡಿಯೋ ಸಿಗ್ನಲ್ಲನ್ನೇ ಕಂಪ್ಯೂಟರ್‌ಗೆ ಕಳಿಸುತ್ತಿತ್ತು! 2012ರಲ್ಲಿ ಅದು ಎಲ್ಲರಿಗೂ ಗೊತ್ತಾಯಿತು. ಟಿವಿಗೆಂದು ಕೊಂಡ ಅದೇ ಡಾಂಗಲ್ ಇವತ್ತು ನನ್ನ ಕಿಟಕಿಯಲ್ಲಿ ಕೂತು ವಿಮಾನಗಳು ಕಳಿಸೋ ರೇಡಿಯೋ ಸಿಗ್ನಲ್ ಹಿಡಿಯುತ್ತಿದೆ.

[ಪರದೆ: 1090 ಮೆಗಾಹರ್ಟ್ಸ್, ನಕಾಶೆ ಮೇಲೆ ಚಲಿಸುವ ವಿಮಾನಗಳು]

ನೋಡಿ, ಈಗ ತಲೆ ಮೇಲೆ ಹೋಗ್ತಿರೋ ವಿಮಾನ ಇದೇ.